ಯಾವ ಹಾಡು ಕೇಳಿದ ಕೂಡಲೇ ನಿಮಗೆ ಚಿಕ್ಕಂದಿನ ನೆನಪಾಗುತ್ತದೆ?

ನೀವು ಇಷ್ಟದ ಹಾಡು ಯಾವುದು ಅಂತ ಕೇಳದೆ, ಯಾವ ಹಾಡು ಕೇಳಿದರೆ ಚಿಕ್ಕಂದು ನೆನಪಾಗುತ್ತದೆ ಅಂತ ಕೇಳಿದ್ದು ಒಳ್ಳೇದಾಯ್ತು. ಇಷ್ಟದ್ದು ಅಂದಿದ್ದರೆ ರಾಜಕುಮಾರ್ ಸಿನಿಮಾದ ಹತ್ತು ಹಾಡು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ನನ್ನ ನೆನಪಿನ ಹಾಡು ಸಿನಿಮಾದ್ದೇ ಅಲ್ಲ, ಕನ್ನಡದ್ದೂ ಅಲ್ಲ. ತೆಲುಗು ಗಾಯಕ ಘಂಟಸಾಲ ಹಾಡಿದ ‘ನಮೋ ವೆಂಕಟೇಶ’. ದೇವರ ಹಾಡು. ಆದರೂ ಅದು ಕಿವಿಗೆ ಬಿದ್ದರೆ ನನಗೆ ಕೈ ಮುಗಿಯಬೇಕು ಅನ್ನಿಸುವುದಿಲ್ಲ. ಚಪ್ಪಲಿ ಹುಡುಕಬೇಕು ಅನ್ನಿಸುತ್ತದೆ.

ನಮ್ಮೂರು ಕಾರಟಗಿ ಹತ್ತಿರ. ಈಗ ಕೊಪ್ಪಳ ಜಿಲ್ಲೆ, 1997ರ ತನಕ ರಾಯಚೂರು ಜಿಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಗೋದಾವರಿ ಕಡೆಯ ರೈತರು ಬಂದು ನಮ್ಮ ಸುತ್ತ ಭೂಮಿ ಕೊಂಡು ಭತ್ತ ಹಚ್ಚಿದರು. ಅವರು ನೆಲೆಸಿದ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಗಂಗಾವತಿಯಿಂದ ಸಿಂಧನೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಗೊತ್ತಾಗುತ್ತದೆ, ಒಂದಾದ ಮೇಲೊಂದು ಕ್ಯಾಂಪ್. ನಮ್ಮೂರಿಗೂ ಪಕ್ಕದ ಕ್ಯಾಂಪಿಗೂ ನಡುವಿನ ಬಯಲಲ್ಲಿ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸ್ ಬಂದು ಇಳಿಯುತ್ತಿತ್ತು. ನಾವು ಟೆಂಟ್ ಅಂತಿದ್ವಿ. ಕ್ಯಾಂಪಿನವರಿಗಾಗಿ ತೆಲುಗು ಸಿನಿಮಾ, ನಮಗಾಗಿ ಕನ್ನಡ ಸಿನಿಮಾ. ಎರಡಕ್ಕೂ ಎರಡೂ ಕಡೆಯವರು ಹೋಗುತ್ತಿದ್ದರು ಅನ್ನೋದು ಬೇರೆ ಮಾತು.

ಕತ್ತಲಾಗುವ ಹೊತ್ತಿಗೆ ಟೆಂಟಿನ ಕಂಬಕ್ಕೆ ಕಟ್ಟಿದ ಮೈಕಿನಲ್ಲಿ ಹಾಡು ಶುರು. ಮೊದಲು ಯಾವ್ಯಾವುದೋ ಸಿನಿಮಾ ಹಾಡು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡೆಗೆ ಬರುತ್ತಿದ್ದದ್ದು ಘಂಟಸಾಲ. ಅದು ಬಂತು ಅಂದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ, ಹಾಡು ಮುಗಿದರೆ ಸಿನಿಮಾ ಶುರು. ನಮ್ಮ ಕಡೆ ಮಾತ್ರ ಅಲ್ಲ, ಎಷ್ಟೋ ಊರಿನ ಟೆಂಟುಗಳಲ್ಲಿ ಇದೇ ಪದ್ಧತಿ ಇತ್ತು. ಮನೆಯಲ್ಲಿ ಗಡಿಯಾರ ಇಲ್ಲದ ನಮಗೆ ಅದೇ ಗಡಿಯಾರ.

“ಏ, ವೆಂಕಪ್ಪ ಶುರುವಾದ! ಲಗೂನ ಓಡ್ರಿ, ಹಾಡು ಮುಗಿದ್ರ ಒಳಗ ಬಿಡಂಗಿಲ್ಲ!” ಅಂತ ಅಮ್ಮ ಕೂಗುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ, ತಾಯಿಗೆ ಅವ್ವ. ತಾಟಿನಲ್ಲಿ ಅರ್ಧ ರೊಟ್ಟಿ ಇರುತ್ತಿತ್ತು. ಅದನ್ನು ಹಾಗೇ ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗೋಣಿಚೀಲ ಎಳೆದುಕೊಂಡು ನಾನು, ನನ್ನ ತಮ್ಮ ಓಟ. ಕಾಲುವೆ ಏರಿ ಮೇಲೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ಗಾಳಿ ಆ ಕಡೆಯಿಂದ ಬೀಸಿದರೆ ಹಾಡು ಪಕ್ಕದಲ್ಲೇ ಇದ್ದಂತೆ, ತಿರುಗಿದರೆ ಏನೂ ಇಲ್ಲ. ಮುಗಿದೇಹೋಯ್ತು ಅಂತ ತಮ್ಮ ಅಳುತ್ತಲೇ ಓಡುತ್ತಿದ್ದ. ಘಂಟಸಾಲ ತೀರಿಕೊಂಡಿದ್ದು 1974ರಲ್ಲಿ. ನಾವು ಓಡುತ್ತಿದ್ದ ಕಾಲಕ್ಕೆ ಅವರು ಇರಲೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಒಳಗೆ ಹೋದ ಮೇಲೆ ಗೋಣಿಚೀಲ ಹಾಸಿ ಹೆಣ್ಮಕ್ಕಳ ಕಡೆ ಜಾಗ ಹಿಡಿಯಬೇಕು. ನಡುವೆ ಒಂದು ಪರದೆ, ಆ ಕಡೆ ಗಂಡಸರು. ನೆಲದ ಟಿಕೆಟ್ ನಮ್ಮದು. ಮೊದಲು ಫಿಲ್ಮ್ಸ್ ಡಿವಿಷನ್‌ನ ವಾರ್ತಾಚಿತ್ರ: ಎಲ್ಲೋ ನೆರೆ, ಎಲ್ಲೋ ಮಂತ್ರಿಗಳ ಉದ್ಘಾಟನೆ. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು. ಹಾಗಾಗಿ ನಮಗೆ ಇಂಟರ್ವಲ್ ಒಂದಲ್ಲ, ಮೂರ್ನಾಲ್ಕು. ಅಷ್ಟೂ ಸಲ ಮಿರ್ಚಿಯವನ ಬುಟ್ಟಿ ನಮ್ಮ ಮುಂದೆಯೇ ಹಾದು ಹೋಗುತ್ತಿತ್ತು. ಒಂದು ಸಲಕ್ಕೆ ಮಾತ್ರ ದುಡ್ಡು.

ರಾಜಕುಮಾರ್ ಅವರ ‘ಬಂಗಾರದ ಮನುಷ್ಯ’ ಬಂದದ್ದು 1972ರಲ್ಲಿ. ನಮ್ಮ ಟೆಂಟಿಗೆ ಬಂದಾಗ ನಾನು ಮೂರನೇ ಕ್ಲಾಸೋ ನಾಲ್ಕನೆಯದೋ. ಅಷ್ಟೊತ್ತಿಗೆ ಪ್ರಿಂಟಿನ ತುಂಬ ಮಳೆ ಬಿದ್ದಂತೆ ಗೆರೆ. ‘ಆಗದು ಎಂದು ಕೈಲಾಗದು ಎಂದು’ ಹಾಡು ಬಂದಾಗ ಗಂಡಸರ ಕಡೆಯಿಂದ ಸಿಳ್ಳೆಯೋ ಸಿಳ್ಳೆ. ನನ್ನ ಜೊತೆ ಓದುತ್ತಿದ್ದ ಕ್ಯಾಂಪಿನ ಹುಡುಗಿಯೊಬ್ಬಳು ಮರುದಿನ ಶಾಲೆಯಲ್ಲಿ ಜಂಬ ಕೊಚ್ಚಿದಳು. ಹಾಡಿದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಂತೆ, ಅವರಪ್ಪ ಹೇಳಿದನಂತೆ, ‘ನಿಮ್ಮ ರಾಜಣ್ಣನ ದನಿ ನಮ್ಮವರದ್ದೇ’. ನಾನು ಎರಡು ದಿನ ಮಾತು ಬಿಟ್ಟೆ. ಅವಳು ಹೇಳಿದ್ದು ನಿಜವೇ ಆಗಿತ್ತು, ಪಾಪ.

ಆ ಸಿನಿಮಾದ ಕೊನೆಯಲ್ಲಿ ಹೀರೋ ರಾಜೀವ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನಲ್ವಾ? ಟೆಂಟಿನ ತುಂಬ ಸೆರಗಿನಲ್ಲಿ ಮೂಗು ಒರೆಸುವ ಸದ್ದು. ನಮ್ಮ ಅಮ್ಮ ಮಾತ್ರ ಅಳಲಿಲ್ಲ. ಸಿಟ್ಟಿಗೆದ್ದಿದ್ದಳು. ಮನೆಗೆ ಬರುವ ತನಕ ಅದೇ ಮಾತು: “ಅಷ್ಟು ಚಂದ ಹೊಲ ಮಾಡಿ ಬಿಟ್ಟು ಹೋದನಲ್ಲ, ಇನ್ನ ನೀರು ಯಾರು ಕಟ್ತಾರ?” ನಮ್ಮಲ್ಲಿ ಕಾಲುವೆ ನೀರಿನ ಪಾಳಿಗೆ ರಾತ್ರಿಯೆಲ್ಲ ಲಾಟೀನು ಹಿಡಿದು ಕಾಯಬೇಕು. ಅವಳ ಚಿಂತೆ ಅವಳಿಗೆ.

ಆಮೇಲೆ ಟೀವಿ ಬಂತು, ವಿಸಿಆರ್ ಬಂತು, ಟೆಂಟ್ ಬರುವುದು ನಿಂತಿತು. ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ.

ಹೋದ ವರ್ಷ ಗಂಗಾವತಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಸ್ಪೀಕರಿನಲ್ಲಿ ಘಂಟಸಾಲ ಶುರುವಾದರು. ನಾನು ಎಲೆಯ ಮುಂದಿನಿಂದ ಅರ್ಧ ಎದ್ದೇಬಿಟ್ಟಿದ್ದೆ. ಪಕ್ಕದಲ್ಲಿದ್ದ ಮಗಳು ‘ಏನಾಯ್ತಮ್ಮ?’ ಅಂದಳು. ಹೇಳಿದೆ. ಎದುರು ಸಾಲಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ನಗತೊಡಗಿದರು. ಕ್ಯಾಂಪಿನವರು. ಹರೆಯದಲ್ಲಿ ಅದೇ ಟೆಂಟಿನಲ್ಲಿ ಟಿಕೆಟ್ ಹರಿಯುತ್ತಿದ್ದರಂತೆ.

“ಎಷ್ಟು ಓಡ್ತಿದ್ವಿ ಗೊತ್ತೇನ್ರಿ ಮಾವ, ಹಾಡು ಮುಗಿದು ಹೋದೀತು ಅಂತ” ಅಂದೆ.

“ಎಲ್ಲಿ ಮುಗೀತಿತ್ತವ್ವ ಅದು? ಜನ ಸೇರೋ ತನಕ ಗ್ರಾಮಫೋನಿನ ಮುಳ್ಳು ಎತ್ತೋದು, ಮತ್ತ ಪ್ಲೇಟಿನ ಮ್ಯಾಲೆ ಇಡೋದು. ಒಮ್ಮೊಮ್ಮೆ ಐದು ಸಲ, ಆರು ಸಲ. ನೆಲ ತುಂಬದ ಶುರು ಮಾಡಿದ್ರ ಮಾಲೀಕ ಬಿಡ್ತಿದ್ನೇನು?”

ಸರಿ, ಅಷ್ಟು ವರ್ಷ ಸುಮ್ನೆ ಓಡಿದ್ವಿ ಅಂತ ನಾನೂ ನಕ್ಕೆ. ಬಳ್ಳಾರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಇನ್ನೊಂದು ಹೊಳೆಯಿತು. ಅಮ್ಮ ಒಂದು ದಿನವೂ ಓಡಿರಲಿಲ್ಲ. ನಮ್ಮನ್ನು ಓಡಿಸಿ, ತಾಟು ತೊಳೆದಿಟ್ಟು, ಒಲೆ ಆರಿಸಿ, ಎಲೆಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಧಾನಕ್ಕೆ ಬರುತ್ತಿದ್ದಳು. ಅಷ್ಟೊತ್ತಿಗೆ ನಾವು ಮುಂದಿನ ಸಾಲಿನಲ್ಲಿ ಗೋಣಿಚೀಲ ಹಾಸಿ, ಅವಳ ಜಾಗದಲ್ಲಿ ಯಾರೂ ಕೂರದ ಹಾಗೆ ಕಾಲು ಚಾಚಿ ಕಾಯುತ್ತಿದ್ದೆವು.