'ಬಸ್ಸಲ್ಲಿ' ಅಂದರೆ ಇನ್ ಬಸ್ಸೋ, ಆನ್ ಬಸ್ಸೋ?

ಓದುಗರ ಪ್ರಶ್ನೆ: ಇಂಗ್ಲಿಷ್ ಬಳಕೆ

ಪ್ರಶ್ನೆ: ಫೋನಿನಲ್ಲಿ 'ಐ ಆಮ್ ಇನ್ ದಿ ಬಸ್' ಅಂದೆ. ಪಕ್ಕದಲ್ಲಿದ್ದವರು 'ಆನ್ ದಿ ಬಸ್' ಅನ್ನಬೇಕು ಎಂದು ತಿದ್ದಿದರು. ಬಸ್ಸಿನ ಟಾಪಿನ ಮೇಲೆ ಕೂತವರಿಗಲ್ಲವೇ 'ಆನ್'? ಹಾಗಿದ್ದರೆ ಕಾರಿಗೆ ಮಾತ್ರ 'ಇನ್' ಯಾಕೆ? (ತುಮಕೂರಿನ ಓದುಗರು)

ಉತ್ತರ: ನಿಮ್ಮ ಗೊಂದಲದ ಬೇರು ಕನ್ನಡದ ಸಪ್ತಮಿ ವಿಭಕ್ತಿಯಲ್ಲಿದೆ. 'ಬಸ್ಸಲ್ಲಿ ಇದ್ದೇನೆ', 'ಬಸ್ಸಲ್ಲಿ ಬಂದೆ', 'ಬಸ್ಸಲ್ಲಿ ಸೆಕೆ' ಮೂರಕ್ಕೂ ನಮಗೆ ಒಂದೇ 'ಅಲ್ಲಿ' ಸಾಕು. ಇಂಗ್ಲಿಷಿನಲ್ಲಿ ಈ ಕೆಲಸ ಮೂರು ಪ್ರಿಪೊಸಿಷನ್‌ಗಳಿಗೆ ಹಂಚಿಹೋಗಿದೆ. ಪ್ರಯಾಣದಲ್ಲಿದ್ದೀರಿ ಎಂದು ಹೇಳಲು 'ಆನ್ ದಿ ಬಸ್'. ಯಾವ ಬಗೆಯ ವಾಹನದಲ್ಲಿ ಬಂದಿರಿ ಎಂದು ಹೇಳಲು 'ಬೈ ಬಸ್'. ಒಳಗಿನ ಜಾಗದ ಬಗ್ಗೆಯೇ ಮಾತಾಡುವಾಗ, ಉದಾಹರಣೆಗೆ ಒಳಗೆ ಸೆಕೆ ಎನ್ನುವಾಗ, 'ಇನ್ ದಿ ಬಸ್' ಎಂದರೂ ತಪ್ಪಲ್ಲ. ಟಾಪಿನ ಮೇಲೆ ಕೂತವರಿಗೆ 'ಆನ್ ದಿ ರೂಫ್ ಆಫ್ ದಿ ಬಸ್' ಎಂದು ಬಿಡಿಸಿಯೇ ಹೇಳಬೇಕು.

ಕಾರು, ಬಸ್ಸುಗಳ ವ್ಯತ್ಯಾಸಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಹತ್ತಿದ ಮೇಲೆ ಎದ್ದು ನಿಂತು ಒಳಗೆ ನಾಲ್ಕು ಹೆಜ್ಜೆ ಓಡಾಡಬಹುದೇ? ಹೌದಾದರೆ 'ಆನ್': ಬಸ್, ಟ್ರೈನ್, ವಿಮಾನ, ಹಡಗು. ಬಗ್ಗಿ ಒಳಸೇರಿ ಕೂತೇ ಇರಬೇಕಾದರೆ 'ಇನ್': ಕಾರು, ಟ್ಯಾಕ್ಸಿ, ಆಟೊ. ಕಾಲು ಆಚೀಚೆ ಹಾಕಿ ಕೂರುವ ಸೈಕಲ್, ಬೈಕ್, ಕುದುರೆಗಳಿಗೆ ಮತ್ತೆ 'ಆನ್'. ನೀರಿನ ಮೇಲೂ ಇದೇ ಲೆಕ್ಕ. ಹರಿಗೋಲಿನಲ್ಲಿ ಕೂತರೆ 'ಇನ್', ಹಿನ್ನೀರು ದಾಟಿಸುವ ದೊಡ್ಡ ಲಾಂಚಿನಲ್ಲಾದರೆ 'ಆನ್'. ಹತ್ತುವುದು ಇಳಿಯುವುದೂ ಈ ಜೋಡಿಯನ್ನೇ ಹಿಂಬಾಲಿಸುತ್ತವೆ: ಬಸ್ಸಿಗೆ 'ಗೆಟ್ ಆನ್, ಗೆಟ್ ಆಫ್', ಕಾರಿಗೆ 'ಗೆಟ್ ಇನ್, ಗೆಟ್ ಔಟ್ ಆಫ್'.

'ಬೈ' ಬಂದಾಗ ಎಚ್ಚರ ಹೆಚ್ಚು ಬೇಕು. ವಾಹನದ ಬಗೆಯನ್ನು ಹೇಳುವ 'ಬೈ' ಬರಿಯ ನಾಮಪದವನ್ನು ಮಾತ್ರ ಸಹಿಸುತ್ತದೆ. ನಡುವೆ 'ಎ', 'ಮೈ' ಏನೂ ಬರಬಾರದು. 'ಬೈ ಕಾರ್' ಸರಿ, 'ಬೈ ಮೈ ಕಾರ್' ತಪ್ಪು. ಅದು 'ಇನ್ ಮೈ ಕಾರ್' ಆಗಬೇಕು. 'ಐ ವಾಸ್ ಸ್ಟ್ಯಾಂಡಿಂಗ್ ಬೈ ದಿ ಬಸ್' ಎಂದರೆ ಬಸ್ಸಿನ ಪಕ್ಕದಲ್ಲಿ ನಿಂತಿದ್ದೆ ಎಂದೇ ಅರ್ಥ. ನಮ್ಮಲ್ಲಿ ದಿನಾ ಕಿವಿಗೆ ಬೀಳುವ 'ಐ ಕೇಮ್ ಬೈ ವಾಕ್' ಕೂಡ ಇಂಗ್ಲಿಷಲ್ಲ. 'ಆನ್ ಫುಟ್' ಅನ್ನಿ, ಅಥವಾ ಸುಮ್ಮನೆ 'ಐ ವಾಕ್ಡ್'. ಇಷ್ಟು ಚಿಕ್ಕದಾಗಿ ಹೇಳಬಹುದಾದಾಗ ನನ್ನ ಆಯ್ಕೆ ಯಾವತ್ತೂ ಎರಡನೆಯದು.

ಪ್ರಶ್ನೆ: ಮಗಳು 'ಗ್ರ್ಯಾಂಡ್‌ಮದರ್ ಇಸ್ ಇನ್ ಹಾಸ್ಪಿಟಲ್' ಎಂದು ಬರೆದಿದ್ದಳು. ಟ್ಯೂಷನ್ನಿನಲ್ಲಿ 'ದಿ' ಸೇರಿಸಿ ಕೆಂಪು ಗೆರೆ ಎಳೆದಿದ್ದಾರೆ. ಯಾವುದು ಸರಿ? (ಶಿರಸಿಯ ಓದುಗರು)

ಉತ್ತರ: ಮಗಳು ಬರೆದದ್ದು ಸರಿ. ಬ್ರಿಟಿಷ್ ಬಳಕೆಯಲ್ಲಿ 'ಇನ್ ಹಾಸ್ಪಿಟಲ್' ಎಂದರೆ ಅಜ್ಜಿ ಅಡ್ಮಿಟ್ ಆಗಿದ್ದಾರೆ ಎಂದರ್ಥ. ನೋಡಲು ಹೋದ ನೀವು 'ಇನ್ ದಿ ಹಾಸ್ಪಿಟಲ್' ಅಥವಾ 'ಅಟ್ ದಿ ಹಾಸ್ಪಿಟಲ್'. ಅಮೆರಿಕದವರು ರೋಗಿಗೂ 'ದಿ' ಹಾಕುತ್ತಾರೆ. ಹಾಗಾಗಿ ಟ್ಯೂಷನ್ನಿನವರು ಬರೆದ ರೂಪವೂ ಇಂಗ್ಲಿಷೇ, ಆದರೆ ಕೆಂಪು ಗೆರೆ ಬೇಕಿರಲಿಲ್ಲ.

'ದಿ' ಬಿಟ್ಟಾಗ ಇಂಗ್ಲಿಷ್ ಕಟ್ಟಡವನ್ನು ನೋಡುವುದಿಲ್ಲ, ಅಲ್ಲಿ ನಡೆಯುವ ಕೆಲಸವನ್ನು ನೋಡುತ್ತದೆ. 'ಶಿ ಗೋಸ್ ಟು ಸ್ಕೂಲ್' ಎಂದರೆ ಓದಲು. ಫೀಸು ಕಟ್ಟಲು ತಾಯಿ ಹೋದರೆ 'ಟು ದಿ ಸ್ಕೂಲ್'. 'ಇನ್ ಪ್ರಿಸನ್' ಎಂದರೆ ಕೈದಿ. ನಲ್ಲಿ ರಿಪೇರಿಗೆ ಒಳಹೋದವರು 'ಇನ್ ದಿ ಪ್ರಿಸನ್'. 'ಇನ್ ಬೆಡ್' ಎಂದರೆ ಮಲಗಿದ್ದಾರೆ. ಚಾದರ ಹಾಸಿರುವುದು 'ಆನ್ ದಿ ಬೆಡ್'. 'ಅಟ್ ಸೀ' ಎಂದರೆ ಹಡಗೇರಿ ಕಡಲಲ್ಲಿದ್ದಾರೆ. ಈ ಸವಲತ್ತು ಎಲ್ಲ ಜಾಗಕ್ಕೂ ಇಲ್ಲ ಎನ್ನುವುದನ್ನು ಮಕ್ಕಳಿಗೆ ಹೇಳಿಕೊಡಿ. ಬ್ಯಾಂಕ್, ಪೋಸ್ಟ್ ಆಫೀಸ್, ಲೈಬ್ರರಿಗಳಿಗೆ 'ದಿ' ಬೇಕೇ ಬೇಕು. 'ಆಫೀಸ್' ಅಂತೂ ಅರ್ಥವನ್ನೇ ಬದಲಿಸುತ್ತದೆ: ಗುಮಾಸ್ತರು 'ಇನ್ ದಿ ಆಫೀಸ್', ಅಧಿಕಾರದಲ್ಲಿರುವ ಮಂತ್ರಿ 'ಇನ್ ಆಫೀಸ್'.

'ಹೋಮ್' ಒಂದು ಬೇರೆಯೇ ಜಾತಿ. ಇರುವಾಗ 'ಅಟ್ ಹೋಮ್', ಹೋಗುವಾಗ ಏನೂ ಇಲ್ಲ: 'ಐ ವೆಂಟ್ ಹೋಮ್'. 'ಮನೆಗೆ' ಎಂಬುದರ 'ಗೆ'ಯನ್ನು ಹಾಗೇ ಎತ್ತಿಟ್ಟು 'ವೆಂಟ್ ಟು ಹೋಮ್' ಎನ್ನುವುದು ನಮ್ಮ ಅತಿ ಸಾಮಾನ್ಯ ತಪ್ಪು.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. 'ಡಿಸ್ಕಸ್ ಅಬೌಟ್' ತಪ್ಪಂತೆ, 'ಡಿಸ್ಕಷನ್ ಅಬೌಟ್' ಸರಿಯಂತೆ. ಒಂದೇ ಪದಕ್ಕೆ ಎರಡು ನ್ಯಾಯವೇ? (ಹಾವೇರಿಯ ಓದುಗರು)

ಉತ್ತರ: ಒಂದು ಕ್ರಿಯಾಪದ, ಇನ್ನೊಂದು ನಾಮಪದ, ನ್ಯಾಯ ಬೇರೆಯಾಗಲು ಅದೇ ಕಾರಣ. 'ಡಿಸ್ಕಸ್' ತನ್ನ ಕರ್ಮವನ್ನು ನೇರವಾಗಿ ಹಿಡಿಯುತ್ತದೆ, ನಮ್ಮ 'ಅನ್ನು' ಇದ್ದ ಹಾಗೆ. 'ವಿ ಡಿಸ್ಕಸ್ಡ್ ದಿ ಲೋನ್' ಎಂದರೆ ಸಾಲದ ವಿಷಯವನ್ನು ಚರ್ಚಿಸಿದೆವು. ಅದೇ ಪದ ನಾಮಪದವಾದ ಕೂಡಲೇ ಆ ಹಿಡಿತ ತಪ್ಪುತ್ತದೆ. ಎರಡು ನಾಮಪದಗಳ ನಡುವೆ ಸೇತುವೆ ಬೇಕಾಗುತ್ತದೆ, ಪ್ರಿಪೊಸಿಷನ್ ಬರುವುದು ಅಲ್ಲಿ: 'ಎ ಡಿಸ್ಕಷನ್ ಅಬೌಟ್ ದಿ ಲೋನ್'.

ಪರೀಕ್ಷೆಗಳಲ್ಲಿ ತಪ್ಪು ಹುಡುಕಿ ಎಂದು ಕೊಡುವ ವಾಕ್ಯಗಳು ಎಷ್ಟೋ ಸಲ ಇದೇ ಜಾಗದ್ದು. 'ಆರ್ಡರ್ ಕಾಫಿ', ಆದರೆ 'ಆನ್ ಆರ್ಡರ್ ಫಾರ್ ಕಾಫಿ'. 'ರಿಕ್ವೆಸ್ಟ್ ಲೀವ್', ಆದರೆ 'ಎ ರಿಕ್ವೆಸ್ಟ್ ಫಾರ್ ಲೀವ್'. 'ವಿಸಿಟ್ ಹಂಪಿ', 'ಎ ವಿಸಿಟ್ ಟು ಹಂಪಿ'. 'ಆನ್ಸರ್ ದಿ ಕ್ವೆಶ್ಚನ್', 'ದಿ ಆನ್ಸರ್ ಟು ದಿ ಕ್ವೆಶ್ಚನ್'. 'ಅಟ್ಯಾಕ್ ದಿ ಫೋರ್ಟ್', 'ಆನ್ ಅಟ್ಯಾಕ್ ಆನ್ ದಿ ಫೋರ್ಟ್'. 'ಲ್ಯಾಕ್ ಮನಿ', 'ಎ ಲ್ಯಾಕ್ ಆಫ್ ಮನಿ'. 'ಎಂಫಸೈಸ್' ಬರಿಯದಾಗಿ, 'ಎಂಫಸಿಸ್' ಬಂದರೆ 'ಆನ್'. ಒಂದು ಅಪವಾದವೆಂದರೆ 'ಎಂಟರ್ ದಿ ರೂಮ್' ಎನ್ನುವಲ್ಲಿ 'ಇಂಟು' ತಪ್ಪಾದರೂ ಒಪ್ಪಂದಕ್ಕೆ ಮಾತ್ರ 'ಎಂಟರ್ ಇಂಟು ಆನ್ ಅಗ್ರಿಮೆಂಟ್' ಸರಿ. ಆಯ್ಕೆಗಳಲ್ಲಿ ಇದನ್ನು ಕೊಟ್ಟರೆ ಗಾಬರಿಯಾಗಬೇಡಿ.

ನಾಮಪದಕ್ಕೆ ಯಾವ ಪ್ರಿಪೊಸಿಷನ್ ಎಂಬುದಕ್ಕೆ ಒಂದೇ ಸೂತ್ರ ಇಲ್ಲ, ಇದೆ ಎನ್ನುವವರನ್ನು ನಂಬಬೇಡಿ. ಆದರೆ ಅರ್ಥದಲ್ಲಿ ಹತ್ತಿರದ ಪದಗಳು ಗುಂಪಾಗಿ ನಡೆಯುವುದುಂಟು. ಬೇಕು ಎನ್ನುವ 'ನೀಡ್', 'ಡಿಮಾಂಡ್', 'ರಿಕ್ವೆಸ್ಟ್', 'ಡಿಸೈರ್' ಇವೆಲ್ಲ ನಾಮಪದವಾದಾಗ 'ಫಾರ್' ಹಿಡಿಯುತ್ತವೆ. ಏರಿಳಿತದ 'ರೈಸ್', 'ಇನ್‌ಕ್ರೀಸ್', 'ಫಾಲ್', 'ಡ್ರಾಪ್'ಗಳಿಗೆ ಏನು ಏರಿತು ಎನ್ನಲು 'ಇನ್', ಎಷ್ಟು ಏರಿತು ಎನ್ನಲು 'ಆಫ್': 'ಎ ರೈಸ್ ಇನ್ ದಿ ಪ್ರೈಸ್', 'ಎ ರೈಸ್ ಆಫ್ 10 ರುಪೀಸ್'. ಕ್ರಿಯಾಪದವಾದರೆ 'ರೋಸ್ ಬೈ 10 ರುಪೀಸ್'. 'ಕಾರಣ' ಎಂಬ ನಮ್ಮ ಒಂದೇ ಮಾತು ಅಲ್ಲಿ ಎರಡಾಗುತ್ತದೆ: 'ರೀಸನ್ ಫಾರ್', 'ಕಾಸ್ ಆಫ್'. ಹೊಸ ನಾಮಪದ ಬರೆದುಕೊಳ್ಳುವಾಗ ಅರ್ಥದ ಜೊತೆ ಅದರ ಪ್ರಿಪೊಸಿಷನ್ನನ್ನೂ ಒಂದು ಪುಟ್ಟ ವಾಕ್ಯವನ್ನೂ ಅದೇ ಸಾಲಿನಲ್ಲಿ ಬರೆಯಿರಿ. 'ಸಲ್ಯೂಷನ್: ಪರಿಹಾರ' ಎಂದು ಬರೆದರೆ ಅರ್ಧ ಪದ ಮಾತ್ರ ಕಲಿತ ಹಾಗೆ, 'ಸಲ್ಯೂಷನ್ ಟು ದಿ ಪ್ರಾಬ್ಲೆಮ್' ಬರೆದರೆ ಪೂರ್ತಿ.

ಪ್ರಶ್ನೆ: 'ಇನ್ ಟೈಮ್', 'ಆನ್ ಟೈಮ್' ಒಂದೆಯೇ? (ಮೈಸೂರಿನ ಓದುಗರು)

ಉತ್ತರ: ಅಲ್ಲ. 9 ಗಂಟೆಯ ರೈಲು 9ಕ್ಕೇ ಹೊರಟರೆ ಅದು 'ಆನ್ ಟೈಮ್'. ನೀವು 8:50ಕ್ಕೆ ಪ್ಲಾಟ್‌ಫಾರ್ಮ್ ಮುಟ್ಟಿ ಅದನ್ನು ಹಿಡಿದರೆ 'ಇನ್ ಟೈಮ್'.

ಪ್ರಶ್ನೆ: ರಜೆ ಅರ್ಜಿಯಲ್ಲಿ 'ಇನ್ ಮಂಡೇ ಮಾರ್ನಿಂಗ್' ಎಂದು ಬರೆದಿದ್ದೆ. 'ಇನ್ ದಿ ಮಾರ್ನಿಂಗ್' ಸರಿಯಾದರೆ ಇದೇಕೆ ತಪ್ಪು? (ಕಲಬುರಗಿಯ ಓದುಗರು)

ಉತ್ತರ: ವಾರ ಅಥವಾ ತಾರೀಕು ಜೊತೆಗೂಡಿದ ಕ್ಷಣ 'ಆನ್' ಗೆಲ್ಲುತ್ತದೆ. 'ಇನ್ ದಿ ಮಾರ್ನಿಂಗ್' ಇದ್ದದ್ದು 'ಆನ್ ಮಂಡೇ ಮಾರ್ನಿಂಗ್' ಆಗುತ್ತದೆ. 'ಅಟ್ ನೈಟ್' ಇದ್ದದ್ದು 'ಆನ್ ದಿ ನೈಟ್ ಆಫ್ 12 ಜೂನ್' ಆಗುತ್ತದೆ. 'ನೆಕ್ಸ್ಟ್', 'ಲಾಸ್ಟ್', 'ದಿಸ್', 'ಎವ್ರಿ' ಮುಂದೆ ಬಂದರೆ ಯಾವುದೂ ಬೇಡ. 'ಆನ್ ನೆಕ್ಸ್ಟ್ ಮಂಡೇ' ಎನ್ನಬೇಡಿ, 'ನೆಕ್ಸ್ಟ್ ಮಂಡೇ' ಸಾಕು. ಇಲ್ಲಿ ಕನ್ನಡ ನಿಮ್ಮ ಪರವಾಗಿಯೇ ಇದೆ: 'ಮುಂದಿನ ಸೋಮವಾರ ಬರುತ್ತೇನೆ' ಎನ್ನುವಾಗ ನಾವೂ ಪ್ರತ್ಯಯ ಹಚ್ಚುವುದಿಲ್ಲ. ಆದರೆ 'ಇವತ್ತು ಬೆಳಿಗ್ಗೆ'ಯನ್ನು ಮಾತ್ರ 'ಟುಡೇ ಮಾರ್ನಿಂಗ್' ಮಾಡಬೇಡಿ. ಅದು 'ದಿಸ್ ಮಾರ್ನಿಂಗ್'. ಅರ್ಜಿಯ ಕೊನೆಗೆ, ನೀವು 'ಆನ್ ಲೀವ್' ಇರುತ್ತೀರಿ, 'ಇನ್ ಲೀವ್' ಅಲ್ಲ.