ಕ್ಯಾಮೆರಾ ಎತ್ತುವಷ್ಟರಲ್ಲಿ ಕೆರೆಯ ಹಕ್ಕಿಗಳು ಹಾರಿಹೋದರೆ ಏನು ಮಾಡಬೇಕು?

70-300 ಎಂಎಂ ಲೆನ್ಸ್ ಇದೆ, ಪ್ರತಿ ಭಾನುವಾರ ಬೆಂಗಳೂರಿನ ಬೇರೆ ಬೇರೆ ಕೆರೆಗೆ ಹೋಗುತ್ತೇನೆ, ಕ್ಯಾಮೆರಾ ಎತ್ತುವಷ್ಟರಲ್ಲಿ ಹಕ್ಕಿ ಹಾರಿಬಿಡುತ್ತದೆ, ಇನ್ನೂ ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ತಗೊಳ್ಳಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಆ ದುಡ್ಡು ಹಾಗೇ ಇರಲಿ.

ನಮ್ಮ ಕೆರೆಗಳ ಹಕ್ಕಿಗಳಿಗೆ ಮನುಷ್ಯರು ಹೊಸಬರಲ್ಲ. ಬೆಳಿಗ್ಗೆ ವಾಕಿಂಗ್ ಬರುವವರು ಜೋರಾಗಿ ಮಾತಾಡುತ್ತಾ ನಾಲ್ಕು ಮಾರು ದೂರದಲ್ಲೇ ಹೋದರೂ ಕೊಳದ ಬಕ ಕದಲುವುದಿಲ್ಲ. ನಡೆಯುತ್ತಿದ್ದವರು ಥಟ್ಟನೆ ನಿಂತು, ಅದರ ಕಡೆ ತಿರುಗಿ, ಮುಖದ ಮುಂದೆ ಏನನ್ನೋ ಎತ್ತಿದರೆ ಮಾತ್ರ ಅದಕ್ಕೆ ದಿಗಿಲು. ಹಾಗಾಗಿ ಹಕ್ಕಿಯನ್ನು ಹುಡುಕಿಕೊಂಡು ಹೋಗಬೇಡಿ. ಅದು ಬರುವ ಜಾಗದಲ್ಲಿ ಮೊದಲೇ ಹೋಗಿ ಕೂತಿರಿ. ಎದೆ ಬಿಳಿ ಇರುವ ಮಿಂಚುಳ್ಳಿ ಮೀನು ಹಿಡಿಯಲು ಮತ್ತೆ ಮತ್ತೆ ಅದೇ ಕೊಂಬೆಗೆ ಬರುತ್ತದೆ. ನೀರುಕಾಗೆ ಮುಳುಗಿ ಎದ್ದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಲು ಬಂಡೆಯನ್ನೋ ಒಣಮರವನ್ನೋ ಹುಡುಕುತ್ತದೆ. ಇದೆಲ್ಲ ಗೊತ್ತಾಗಬೇಕಾದರೆ ವಾರಕ್ಕೊಂದು ಕೆರೆ ಸುತ್ತುವುದು ಬಿಟ್ಟು, ಮನೆಗೆ ಹತ್ತಿರದ ಒಂದೇ ಕೆರೆಗೆ ಹತ್ತು ಸಲ ಹೋಗಬೇಕು. ಜಕ್ಕೂರೋ ಮಡಿವಾಳವೋ ಹೆಬ್ಬಾಳವೋ, ಯಾವುದಾದರೂ ಸರಿ.

ಬೆಳಗಿನ ಹೊತ್ತು ಪೂರ್ವದ ದಡದಲ್ಲಿ ಕೂತರೆ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ. ಬೇಲಿ ಇಲ್ಲದ ಕಡೆ ಆದಷ್ಟು ತಗ್ಗಿ ಕೂತುಕೊಳ್ಳಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿದರೆ 300 ಎಂಎಂನಲ್ಲೇ ಚಿತ್ರ ಬೇರೆಯಾಗುತ್ತದೆ. ಹಾರಾಟಕ್ಕೆ ಶಟರ್ ವೇಗ 1/2000 ಸೆಕೆಂಡ್ ಇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಕೊಳದ ಬಕದ ವಿಷಯದಲ್ಲಿ ಒಂದು ಎಚ್ಚರ: ಕೂತಾಗ ಕೆಸರಿನ ಬಣ್ಣ, ಹಾರಿದ ಕ್ಷಣ ರೆಕ್ಕೆಯೆಲ್ಲ ಅಚ್ಚ ಬಿಳಿ. ಕೂತಿದ್ದಾಗಿನ ಎಕ್ಸ್‌ಪೋಷರ್‌ನಲ್ಲೇ ಕ್ಲಿಕ್ಕಿಸಿದರೆ ಬಿಳಿ ಅತಿಯಾಗಿ ಬೆಳಗಿ ಗರಿಗಳ ಗೆರೆಯೇ ಕಾಣುವುದಿಲ್ಲ. ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕಿಳಿಯುವಷ್ಟು, ಕಡಿಮೆ ಮಾಡಿಟ್ಟುಕೊಂಡು ಕಾಯಿರಿ.

ಅಭ್ಯಾಸಕ್ಕೆ ಹೆಜ್ಜಾರ್ಲೆಗಿಂತ (ಪೆಲಿಕನ್) ಒಳ್ಳೆಯ ಗುರು ಇಲ್ಲ. ದೊಡ್ಡ ಹಕ್ಕಿ, ನಿಧಾನವಾಗಿ ಇಳಿಯುತ್ತದೆ, ನೀರು ಮುಟ್ಟುವಾಗ ಎರಡೂ ಕಾಲು ಮುಂದೆ ಚಾಚುತ್ತದೆ. ಅದರ ಚಿತ್ರ ತೆಗೆಯುವುದು ರೂಢಿಯಾದ ಮೇಲೆ ಕಪ್ಪುಬಿಳಿ ಮಿಂಚುಳ್ಳಿಗೆ ಹೋಗಿ. ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದಲ್ಲ, ಫೋಕಸ್ ಹಿಡಿಯಲು ಸಿಗುವ ಹೊತ್ತು ಅಷ್ಟೇ. ವಲಸೆ ಬಾತುಗಳು ಬೇಕಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ನೋಡಿ.

ಗೂಡಿನ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ಶುರುವಿನಲ್ಲಿ ನಾನು ಆ ತಪ್ಪು ಮಾಡಿದ್ದೇನೆ. ಜೊಂಡಿನ ನಡುವೆ ಗುಳುಮುಳುಕದ (ನೀರಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ) ಗೂಡು ಕಂಡಿತು, ದಡಕ್ಕೆ ಅಂಟಿಕೊಂಡು ನಿಂತೆ. ತಾಯಿ ಮೊಟ್ಟೆಗಳ ಮೇಲೆ ಗಡಿಬಿಡಿಯಲ್ಲಿ ಕಳೆ ಎಳೆದು ಮುಚ್ಚಿ ನೀರಿಗಿಳಿಯಿತು. ನಾನು ಅಲ್ಲಿರುವಷ್ಟು ಹೊತ್ತೂ ವಾಪಸ್ ಬರಲಿಲ್ಲ. ಮೇಲೆ ಕಾಗೆಗಳು ಸುತ್ತುತ್ತಿದ್ದವು. ಆ ಚಿತ್ರಗಳನ್ನು ಯಾರಿಗೂ ತೋರಿಸಲು ಮನಸ್ಸಾಗದೆ ಅಳಿಸಿಬಿಟ್ಟೆ.

ಕೆಲವು ಕೆರೆಗಳಲ್ಲಿ ದೊಡ್ಡ ಕ್ಯಾಮೆರಾ ಕಂಡರೆ ಕಾವಲಿನವರು ತಡೆಯುತ್ತಾರೆ, ಗೇಟಿನಲ್ಲೇ ಕೇಳಿಕೊಂಡು ಒಳಗೆ ಹೋಗಿ. ನಿಮ್ಮ ಮನೆ ಯಾವ ಕಡೆ ಎಂದು ಬರೆದರೆ, ಹತ್ತಿರದ ಕೆರೆಯಲ್ಲಿ ಬೆಳಿಗ್ಗೆ ಎಲ್ಲಿ ಕೂರಬಹುದು ಎಂದು ಹೇಳುತ್ತೇನೆ.