ಲಿನಕ್ಸಲ್ಲಿ ನಾಲ್ಕು ಡಿಸ್ಕಿನ ರೇಡ್ 5ರಲ್ಲಿ ಒಂದೇ ಸಲ ಎರಡು ಡಿಸ್ಕ್ ಫೇಲ್ ಅಂತಿದೆ, ಡೇಟಾ ಹೋಯ್ತಾ?

ಬಹುಶಃ ಹೋಗಿರಲ್ಲ, ಗಾಬರಿ ಆಗ್ಬೇಡಿ. ರೇಡ್ 5 ಅಂದ್ರೆ ಹಲವು ಡಿಸ್ಕ್ ಸೇರಿಸಿ ಒಂದೇ ಗುಂಪು, ಅಂದ್ರೆ ಅರೇ, ಮಾಡೋದು; ಒಂದು ಡಿಸ್ಕ್ ಹೋದ್ರೂ ನಡೆಯತ್ತೆ, ಎರಡು ಹೋದ್ರೆ ನಿಲ್ಲತ್ತೆ. ಆದ್ರೆ ಯಾರೋ ಹೇಳಿದ್ರು ಅಂತ ಬರ್ದಿದೀರಲ್ಲ, ಎಂಡಿಎಡಿಎಂ (ಲಿನಕ್ಸಲ್ಲಿ ರೇಡ್ ನೋಡ್ಕೊಳ್ಳೋ ಕಮಾಂಡ್) --ಕ್ರಿಯೇಟ್ ಕೊಟ್ಟು ಅರೇನ ಹೊಸದಾಗಿ ಮಾಡಿ ಅಂತ, ಅದನ್ನ ದಯವಿಟ್ಟು ಮಾಡ್ಬೇಡಿ. ಡಿಸ್ಕ್ ಆರ್ಡರ್, ಚಂಕ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚೋ ತುಂಡಿನ ಅಳತೆ), ಡೇಟಾ ಆಫ್‌ಸೆಟ್ (ಡಿಸ್ಕಲ್ಲಿ ಡೇಟಾ ಶುರುವಾಗೋ ಜಾಗ) ಇದ್ರಲ್ಲಿ ಒಂದು ತಪ್ಪಿದ್ರೂ ಮುಗೀತು, ಮೇಲಿಂದ ಅದು ರೀಬಿಲ್ಡ್ (ಒಂದು ಡಿಸ್ಕಿನ ಡೇಟಾನ ಉಳಿದವುಗಳಿಂದ ಲೆಕ್ಕ ಹಾಕಿ ಮತ್ತೆ ಬರೆಯೋದು) ಶುರು ಮಾಡಿ ಇರೋ ಡಿಸ್ಕ್ ಮೇಲೇ ಬರೆಯೋಕೆ ಹೊರಡತ್ತೆ.

ನಾಲ್ಕು ಡಿಸ್ಕಲ್ಲಿ ಎರಡು ಒಟ್ಟಿಗೇ ಸಾಯೋದು ಅಪರೂಪ ಕಣ್ರೀ. ಮೊದ್ಲು ಕರ್ನಲ್ ಲಾಗಲ್ಲಿ, ಅಂದ್ರೆ ಲಿನಕ್ಸಿನ ತಿರುಳು ಭಾಗ ಬರೆದಿಡೋ ದಾಖಲೆಯಲ್ಲಿ, ಎರರ್ ಬಂದ ಟೈಮ್ ನೋಡಿ. ನಮ್ಮ ಆಫೀಸ್ ಬ್ಯಾಕಪ್ ಸರ್ವರಲ್ಲಿ ಎರಡು ಡಿಸ್ಕಿನ ಎರರೂ ಒಂದೇ ಸೆಕೆಂಡಲ್ಲಿ ಬಂದಿತ್ತು, ಕ್ಯಾಬಿನೆಟ್ ಬಿಚ್ಚಿದ್ರೆ ಎರಡಕ್ಕೂ ಒಂದೇ ಪವರ್ ಸ್ಪ್ಲಿಟರ್, ಬೆರಳು ತಾಗಿದ್ರೆ ಅಲ್ಲಾಡ್ತಿತ್ತು. ಸ್ಮಾರ್ಟ್ ರಿಪೋರ್ಟಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ವರದಿ) ಬರೀ ಪಾಸ್ಡ್ ಅನ್ನೋದನ್ನ ನಂಬ್ಬೇಡಿ, ಐಡಿ 5 (ಬದಲಾಯಿಸಿದ ಕೆಟ್ಟ ಸೆಕ್ಟರ್) ಮತ್ತೆ 197 (ಓದೋಕಾಗದೆ ಬಾಕಿ ಇರೋ ಸೆಕ್ಟರ್) ಇರೋ ಸಾಲು ಸೊನ್ನೆ ಇದ್ದು 199, ಅಂದ್ರೆ ಸಿಆರ್‌ಸಿ ಎರರ್ (ಡೇಟಾ ಸಾಗೋವಾಗ ಆಗೋ ತಪ್ಪು), ಏರ್ತಾ ಇದ್ರೆ ಡೇಟಾ ಕೇಬಲ್ ಕಡೆ ಅನುಮಾನ ಪಡಿ. 197 ಜಾಸ್ತಿ ಇದ್ರೆ ಮಾತ್ರ ಮೊದ್ಲು ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿಂದ ಆದಷ್ಟು ಡೇಟಾ ಎತ್ತೋ ಟೂಲ್) ಹಾಕಿ ಬೇರೆ ಡಿಸ್ಕಿಗೆ ಕಾಪಿ ತಗೊಂಡು ಮುಂದಿನದೆಲ್ಲ ಅದ್ರ ಮೇಲೆ ಮಾಡಿ.

ಕೇಬಲ್ ಸರಿ ಮಾಡಿದ್ಮೇಲೆ ಎಂಡಿಎಡಿಎಂ --ಎಕ್ಸಾಮಿನ್ ಕೊಟ್ಟು ನಾಲ್ಕೂ ಡಿಸ್ಕಿನ ಇವೆಂಟ್ಸ್ ನಂಬರ್ (ಅರೇ ಬದಲಾದಾಗೆಲ್ಲ ಏರೋ ಎಣಿಕೆ) ಬರೆದಿಟ್ಕೊಳ್ಳಿ, ಔಟ್‌ಪುಟ್ ಪೂರ್ತಿ ಪೆನ್‌ಡ್ರೈವಿಗೆ ಸೇವ್ ಮಾಡಿ. ಅರೇ ಎದ್ದೇಳದೇ ಇರೋದು ಡೇಟಾ ಇಲ್ಲ ಅಂತಲ್ಲ, ಈ ನಂಬರ್ ಹೊಂದ್ತಿಲ್ಲ ಅಂತ. ಮೂರರಲ್ಲಿ ನಂಬರ್ ಹತ್ತಿರಹತ್ತಿರ ಇದ್ದು ಒಂದು ಮಾತ್ರ ತೀರಾ ಹಿಂದೆ ಇದ್ರೆ ಅದು ಯಾವಾಗಲೋ ಹೊರಗೆ ಬಿದ್ದಿರೋದು, ಅದ್ರಲ್ಲಿರೋದು ಹಳೇ ಡೇಟಾ, ಅದನ್ನ ಸೇರಿಸ್ಲೇಬೇಡಿ, ರೇಡ್ 5ಗೆ ಮೂರು ಸಾಕು. --ಸ್ಟಾಪ್ ಮಾಡಿ, ಆ ಮೂರರ ಹೆಸರು ಕೊಟ್ಟು --ಅಸೆಂಬಲ್ --ಫೋರ್ಸ್, ಅಂದ್ರೆ ನಂಬರ್ ಸ್ವಲ್ಪ ಹೊಂದದಿದ್ರೂ ಒತ್ತಾಯದಿಂದ ಜೋಡ್ಸು ಅಂತ. ಧೈರ್ಯ ಸಾಲ್ದಿದ್ರೆ ಡಿಎಂಸೆಟಪ್ ಕಮಾಂಡಿಂದ ಸ್ನ್ಯಾಪ್‌ಶಾಟ್ ಓವರ್‌ಲೇ (ಬರೆಯೋದನ್ನೆಲ್ಲ ಬೇರೆ ಫೈಲಿಗೆ ತಿರುಗಿಸೋ ಪದರ) ಮಾಡಿ ಅದ್ರ ಮೇಲೆ ಮೊದ್ಲು ಟ್ರೈ ಮಾಡಿ, ಅಸಲಿ ಡಿಸ್ಕಿಗೆ ಒಂದು ಬೈಟೂ ಬರೆಯಲ್ಲ.

ಎದ್ದ ತಕ್ಷಣ ಖುಷಿಯಲ್ಲಿ ನಾಲ್ಕನೇದನ್ನ ಆಡ್ ಮಾಡೋಕೆ ಹೋಗ್ಬೇಡಿ, ರೀಬಿಲ್ಡ್ ಆಗೋವಾಗ ಮೂರೂ ಡಿಸ್ಕನ್ನ ಪೂರ್ತಿ ಓದತ್ತೆ, ಮಧ್ಯ ಇನ್ನೊಂದು ಕೈಕೊಟ್ರೆ ಕಷ್ಟ. ರೀಡ್-ಓನ್ಲಿ ಮೌಂಟ್ ಮಾಡಿ ಮುಖ್ಯವಾದ ಫೈಲೆಲ್ಲ ಬೇರೆ ಕಡೆ ತಗೊಳ್ಳಿ, ಆಮೇಲೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಮಾಡೋ ಕಮಾಂಡ್), ಕೊನೆಗೆ ಆಡ್.

ಕೇಬಲ್, ಪವರ್ ಎಲ್ಲ ಸರಿ ಇದ್ದೂ ಆಗಾಗ ಡಿಸ್ಕ್ ಬೀಳ್ತಿದ್ರೆ ಅದು ಟೈಮ್‌ಔಟ್ ಕಥೆ. ಡೆಸ್ಕ್‌ಟಾಪ್ ಡಿಸ್ಕುಗಳು ಒಂದು ಕೆಟ್ಟ ಸೆಕ್ಟರ್ ಓದೋಕೆ ನಿಮಿಷಗಟ್ಲೆ ಒದ್ದಾಡ್ತವೆ, ಕರ್ನಲ್ 30 ಸೆಕೆಂಡ್ ಕಾದು ಲಿಂಕ್ ರೀಸೆಟ್ ಮಾಡತ್ತೆ, ಚೆನ್ನಾಗಿರೋ ಡಿಸ್ಕೂ ಫಾಲ್ಟಿ ಆಗೋಗತ್ತೆ. ಸ್ಮಾರ್ಟ್‌ಸಿಟಿಎಲ್ ಕಮಾಂಡಲ್ಲಿ ಎಸ್‌ಸಿಟಿ ಇಆರ್‌ಸಿ (ಕೆಟ್ಟ ಸೆಕ್ಟರಿಗೆ ಡಿಸ್ಕ್ ಎಷ್ಟು ಹೊತ್ತು ಒದ್ದಾಡ್ಬೇಕು ಅನ್ನೋ ಮಿತಿ) 70,70 ಕೊಡಿ, ಅಂದ್ರೆ ಓದೋಕೂ ಬರೆಯೋಕೂ 7 ಸೆಕೆಂಡ್. ಡಿಸ್ಕ್ ಅದನ್ನ ಒಪ್ಪದಿದ್ರೆ ಕರ್ನಲ್ ಟೈಮ್‌ಔಟನ್ನೇ 180 ಸೆಕೆಂಡಿಗೆ ಏರ್ಸಿ. ಎರಡೂ ರೀಬೂಟ್ ಆದ್ರೆ ಉಳಿಯತ್ತೆ ಅನ್ನೋ ಗ್ಯಾರಂಟಿ ಇಲ್ಲ, ಬೂಟ್ ಸ್ಕ್ರಿಪ್ಟಿಗೆ ಹಾಕ್ಬಿಡಿ. ಎಕ್ಸಾಮಿನ್ ಔಟ್‌ಪುಟ್ ಇಲ್ಲಿ ಹಾಕಿ, ಯಾವ ಮೂರು ತಗೋಬೇಕು ಅಂತ ನೋಡಿ ಹೇಳ್ತೀನಿ, ಅಲ್ಲೀವರ್ಗೂ ಫೋರ್ಸ್ ಕೊಡ್ಬೇಡಿ.